ಸಾಂದರ್ಭಿಕ ಸಾಕ್ಷ್ಯದ ಮೇಲೆ ಕೊಲೆ ಶಿಕ್ಷೆ: ಕಾರವಾರದಿಂದ ಧಾರವಾಡ ಪೀಠದವರೆಗೆ ಮೇಲ್ಮನವಿಯ ದಾರಿ

ಕಾರವಾರದ ಜಿಲ್ಲಾ ಮತ್ತು ಸತ್ರ ನ್ಯಾಯಾಲಯವಾಗಲಿ, ಶಿರಸಿಯಲ್ಲಿ ಕೂರುವ ಹೆಚ್ಚುವರಿ ಸತ್ರ ನ್ಯಾಯಾಲಯವಾಗಲಿ ಕೊಲೆ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆ ಕೊಟ್ಟ ದಿನ, ಶಿಕ್ಷೆಯಾದವನ ಮನೆಯವರು ವಕೀಲರನ್ನು ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ ಆಗಿರುತ್ತದೆ: "ಕಣ್ಣಾರೆ ನೋಡಿದವರು ಒಬ್ಬರೂ ಇಲ್ಲವಲ್ಲ ವಕೀಲರೇ, ಆದರೂ ಶಿಕ್ಷೆ ಹೇಗಾಯಿತು?" ಪ್ರತ್ಯಕ್ಷ ಸಾಕ್ಷಿ ಇಲ್ಲದಿದ್ದರೂ ಶಿಕ್ಷೆ ವಿಧಿಸಲು ಕಾನೂನಿನಲ್ಲಿ ಅಡ್ಡಿಯಿಲ್ಲ. ಆದರೆ ಅಂತಹ ಶಿಕ್ಷೆ ನಿಲ್ಲಬೇಕಾದರೆ ಸುತ್ತಲಿನ ಸಂದರ್ಭಗಳೆಲ್ಲ ಸರಪಳಿಯ ಕೊಂಡಿಗಳಂತೆ ಒಂದಕ್ಕೊಂದು ಕೂಡಿಕೊಂಡಿರಬೇಕು. ಮೇಲ್ಮನವಿಯ ಕೆಲಸವೆಂದರೆ ಆ ಕೊಂಡಿಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು ಎಳೆದು ನೋಡುವುದು. ಸಾಕ್ಷಿದಾರರು ಮತ್ತೆ ಕಟಕಟೆಗೆ ಬರುವುದಿಲ್ಲ. ಧಾರವಾಡದಲ್ಲಿ ನ್ಯಾಯಮೂರ್ತಿಗಳ ಮುಂದಿರುವುದು ಕಾಗದ ಮಾತ್ರ. ಆದ್ದರಿಂದ ಕಾಗದವನ್ನು ಓದುವ ಬಗೆಯ ಕುರಿತೇ ಈ ಲೇಖನದಲ್ಲಿ ಹೆಚ್ಚು ಹೇಳಿದ್ದೇನೆ.

ಮೊದಲ ವಾರ: ನಕಲು ಮತ್ತು ದಿನಗಳ ಲೆಕ್ಕ

ತೀರ್ಪು ಬಂದ ದಿನವೇ ಎರಡು ದಾಖಲೆಗಳನ್ನು ಕೇಳಿ ಪಡೆಯಬೇಕು. ಅಪರಾಧ ಸಾಬೀತಾಗಿದೆ ಎಂದು ಹೇಳುವ ತೀರ್ಪು ಒಂದು, ಶಿಕ್ಷೆಯ ಪ್ರಮಾಣದ ಬಗ್ಗೆ ವಾದ ಕೇಳಿ ಹೊರಡಿಸಿದ ಆದೇಶ ಇನ್ನೊಂದು. ಕೆಲವೊಮ್ಮೆ ಇವುಗಳ ನಡುವೆ ಒಂದೆರಡು ದಿನಗಳ ಅಂತರವಿರುತ್ತದೆ. ಸೆರೆವಾಸದ ಶಿಕ್ಷೆಯಾದವನಿಗೆ ತೀರ್ಪಿನ ಪ್ರತಿಯನ್ನು ಉಚಿತವಾಗಿ, ಕೂಡಲೇ ಕೊಡಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 404ನೇ ಕಲಂ ಹೇಳುತ್ತದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 363ನೇ ಕಲಮಾಗಿತ್ತು. ಈ ಪ್ರತಿ ಆರೋಪಿಯ ಕೈಯಲ್ಲಿ ಜೈಲು ಸೇರುವುದರಿಂದ, ಮನೆಯವರು ನಕಲು ಶಾಖೆಯಲ್ಲಿ ಪ್ರತ್ಯೇಕವಾಗಿ ಅರ್ಜಿ ಹಾಕಿ ಇನ್ನೊಂದು ದೃಢೀಕೃತ ಪ್ರತಿಯನ್ನು ಪಡೆದಿಟ್ಟುಕೊಳ್ಳುವುದು ಒಳ್ಳೆಯದು.

ಸತ್ರ ನ್ಯಾಯಾಲಯದ ಶಿಕ್ಷೆಯ ವಿರುದ್ಧ ಉಚ್ಚ ನ್ಯಾಯಾಲಯಕ್ಕೆ ಹೋಗಲು 1963ರ ಕಾಲಮಿತಿ ಕಾಯ್ದೆಯ 115ನೇ ವಿಧಿ 60 ದಿನಗಳನ್ನು ಕೊಡುತ್ತದೆ. ಮರಣದಂಡನೆಯಾದರೆ 30 ದಿನ ಮಾತ್ರ. ನಕಲಿಗೆ ಅರ್ಜಿ ಹಾಕಿದ ದಿನದಿಂದ ನಕಲು ಸಿದ್ಧವಾಗುವವರೆಗಿನ ಅವಧಿಯನ್ನು ಈ ಲೆಕ್ಕದಿಂದ ಬಿಡಲಾಗುತ್ತದೆಯಾದ್ದರಿಂದ ನಕಲಿನ ಹಿಂಬದಿಯ ಮುದ್ರೆಯಲ್ಲಿರುವ ದಿನಾಂಕಗಳನ್ನು ಯಾರೂ ಕಡೆಗಣಿಸಬಾರದು. ಅವಧಿ ಮೀರಿದ್ದರೂ ಬಾಗಿಲು ಮುಚ್ಚಿತೆಂದು ಕೈಚೆಲ್ಲಬೇಕಾಗಿಲ್ಲ. ಅದೇ ಕಾಯ್ದೆಯ 5ನೇ ಕಲಮಿನಡಿ ವಿಳಂಬ ಮನ್ನಾ ಅರ್ಜಿ ಹಾಕಬಹುದು. ಆದರೆ ಅದರ ಪ್ರಮಾಣಪತ್ರದಲ್ಲಿ "ಅನಿವಾರ್ಯ ಕಾರಣಗಳಿಂದ" ಎಂಬ ಒಣ ಮಾತು ಸಾಲದು. ಯಾವ ದಿನ ಏನಾಯಿತು ಎಂಬುದು ಬೇಕು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆದಾಗ ಕರಾವಳಿಯ ಜನ ದಿನಗಟ್ಟಲೆ ಸಿಕ್ಕಿಹಾಕಿಕೊಂಡಿದ್ದರು. ಅಂಥ ಕಾರಣವನ್ನು ದಿನಾಂಕ ಸಮೇತ ಹೇಳಿದರೆ ತೂಕವಿರುತ್ತದೆ.

ಯಾವ ಕಾನೂನು ಅನ್ವಯಿಸುತ್ತದೆ ಎಂಬ ಗೊಂದಲವನ್ನೂ ಇಲ್ಲಿಯೇ ಬಗೆಹರಿಸಿಕೊಳ್ಳಬೇಕು. ಅಪರಾಧ, ಪ್ರಕ್ರಿಯೆ ಮತ್ತು ಸಾಕ್ಷ್ಯದ ಹೊಸ ಮೂರು ಕಾನೂನುಗಳು ಜಾರಿಗೆ ಬಂದದ್ದು 2024ರ ಜುಲೈ 1ರಂದು. ಅದಕ್ಕೂ ಮೊದಲು ನಡೆದ ಕೊಲೆಗೆ ಭಾರತೀಯ ದಂಡ ಸಂಹಿತೆಯ 302ನೇ ಕಲಮೇ ಅನ್ವಯಿಸುತ್ತದೆ. ಆನಂತರದ ಕೃತ್ಯಕ್ಕೆ ಭಾರತೀಯ ನ್ಯಾಯ ಸಂಹಿತೆಯ 103. ಅಂದು ಬಾಕಿಯಿದ್ದ ಮೇಲ್ಮನವಿಗಳು ಹಳೆಯ ಪ್ರಕ್ರಿಯೆಯಲ್ಲೇ ಮುಂದುವರಿಯುತ್ತವೆ. ಮೇಲ್ಮನವಿಯ ಹಕ್ಕು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 374ನೇ ಕಲಮಿನಲ್ಲಿ, ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 415ರಲ್ಲಿದೆ. ಸಂಖ್ಯೆ ಬದಲಾಗಿದೆಯೇ ಹೊರತು ಹಕ್ಕಿನ ತಿರುಳು ಬದಲಾಗಿಲ್ಲ.

ವಕೀಲರು, ವಕಾಲತ್ತು, ಧಾರವಾಡ

ಉತ್ತರ ಕನ್ನಡ ಜಿಲ್ಲೆಯ ಮೇಲ್ಮನವಿಗಳು ಬೆಂಗಳೂರಿಗೆ ಹೋಗುವುದಿಲ್ಲ. 2008ರ ಜುಲೈಯಲ್ಲಿ ಸಂಚಾರಿ ಪೀಠವಾಗಿ ಆರಂಭವಾಗಿ 2013ರ ಆಗಸ್ಟ್‌ನಲ್ಲಿ ಖಾಯಂ ಆದ ಧಾರವಾಡ ಪೀಠವೇ ನಮ್ಮ ಜಿಲ್ಲೆಯ ಉಚ್ಚ ನ್ಯಾಯಾಲಯ. ಅಲ್ಲಿ ದಾಖಲಾಗುವ ಮೇಲ್ಮನವಿಯ ಸಂಖ್ಯೆ ಒಂದು ಲಕ್ಷದ ಸರಣಿಯಲ್ಲಿರುತ್ತದೆ. ಅಂತರ್ಜಾಲದಲ್ಲಿ ಪ್ರಕರಣದ ಸ್ಥಿತಿ ನೋಡುವವರು ಪೀಠದ ಹೆಸರನ್ನು ಧಾರವಾಡವೆಂದು ಆರಿಸದೆ ಬೆಂಗಳೂರಿನ ಪಟ್ಟಿಯಲ್ಲಿ ಹುಡುಕಿ ಸುಸ್ತಾಗುವುದು ನಾನು ಆಗಾಗ ಕಾಣುವ ಸಂಗತಿ.

ಜೀವಾವಧಿ ಶಿಕ್ಷೆಯಾದವರನ್ನು ಕಾರವಾರದ ಜಿಲ್ಲಾ ಕಾರಾಗೃಹದಿಂದ ಬೆಳಗಾವಿಯ ಹಿಂಡಲಗಾದಂತಹ ಕೇಂದ್ರ ಕಾರಾಗೃಹಕ್ಕೆ ಸಾಗಿಸುವುದರಿಂದ, ವಕಾಲತ್ತಿಗೆ ಸಹಿ ಜೈಲಿನಲ್ಲಿ ಅಧಿಕಾರಿಯ ದೃಢೀಕರಣದೊಂದಿಗೆ ಆಗಬೇಕು. ಖಾಸಗಿ ವಕೀಲರನ್ನು ಹಿಡಿಯಲು ಹಣವಿಲ್ಲದಿದ್ದರೆ ಸಂಕೋಚ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಡಿ ಬಂಧನದಲ್ಲಿರುವ ವ್ಯಕ್ತಿಗೆ ಆದಾಯದ ಮಿತಿಯನ್ನು ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ; 15100 ಸಂಖ್ಯೆಗೆ ಕರೆ ಮಾಡಬಹುದು, ಇಲ್ಲವೇ ಜೈಲಿನ ಅಧೀಕ್ಷಕರ ಮೂಲಕ ಕೈದಿಯೇ ಮೇಲ್ಮನವಿಯನ್ನು ಕಳುಹಿಸಬಹುದು. ಉಚಿತ ನೆರವಿನ ವಕೀಲರೆಂದರೆ ಎರಡನೇ ದರ್ಜೆಯವರು ಎಂಬ ಮಾತು ನಮ್ಮ ಕಡೆ ಬೇರೂರಿದೆ. ಅದನ್ನು ನಾನು ಒಪ್ಪುವುದಿಲ್ಲ. ಕಡತವನ್ನು ಪೂರ್ತಿ ಓದಿದವರು ಯಾರು ಎಂಬುದೇ ಮುಖ್ಯ.

ಕಡತವನ್ನು ಕೂಡಿಸುವುದು

ಧಾರವಾಡದ ವಕೀಲರ ಬಳಿ ಬರೀ ತೀರ್ಪನ್ನು ಹಿಡಿದುಕೊಂಡು ಹೋಗುವುದರಿಂದ ಅರ್ಧ ಕೆಲಸವೂ ಆಗುವುದಿಲ್ಲ. ಪ್ರಥಮ ವರ್ತಮಾನ ವರದಿ, ದೂರು, ಶವ ಪಂಚನಾಮೆ, ಶವಪರೀಕ್ಷೆಯ ವರದಿ, ಎಲ್ಲ ಮಹಜರುಗಳು (ಪಂಚರೆಂಬ ಸಾಕ್ಷಿಗಳ ಮುಂದೆ ಪೊಲೀಸರು ಬರೆದ ದಾಖಲೆಗಳು), ಜಪ್ತಿಪಟ್ಟಿ, ವಿಧಿವಿಜ್ಞಾನ ಪ್ರಯೋಗಾಲಯದ ವರದಿ, ಪ್ರತಿಯೊಬ್ಬ ಸಾಕ್ಷಿಯ ಮುಖ್ಯ ವಿಚಾರಣೆ ಮತ್ತು ಪಾಟೀ ಸವಾಲು (ಎದುರು ಪಕ್ಷದ ವಕೀಲರ ಪ್ರಶ್ನೋತ್ತರ), ಪೊಲೀಸರ ಮುಂದೆ ಸಾಕ್ಷಿಗಳು ಕೊಟ್ಟ ಹೇಳಿಕೆಗಳು, ಕೊನೆಯಲ್ಲಿ ನ್ಯಾಯಾಧೀಶರು ಆರೋಪಿಯನ್ನು ಕೇಳಿದ ಪ್ರಶ್ನೆಗಳು ಮತ್ತು ಆತನ ಉತ್ತರಗಳು, ಇಷ್ಟೂ ಬೇಕು. ವಿಚಾರಣೆ ನಡೆಸಿದ ಶಿರಸಿ ಅಥವಾ ಕಾರವಾರದ ವಕೀಲರ ಕಡತದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಗೀಚಿದ ಟಿಪ್ಪಣಿಗಳು ಎಷ್ಟೋ ಸಲ ಮೇಲ್ಮನವಿಯ ಮುಖ್ಯ ಆಧಾರಗಳಿಗಿಂತ ಬೆಲೆಬಾಳುತ್ತವೆ. ಆ ವಕೀಲರ ಮೇಲೆ ಸಿಟ್ಟಿದ್ದರೂ ಸಂಬಂಧ ಕೆಡಿಸಿಕೊಳ್ಳಬೇಡಿ.

ನಮ್ಮ ಜಿಲ್ಲೆಯ ಕಡತಗಳಲ್ಲಿ ಭಾಷೆಯ ಕಡೆಗೆ ವಿಶೇಷ ಗಮನ ಬೇಕು. ಕಾರವಾರ, ಅಂಕೋಲಾ ಕಡೆಯ ಸಾಕ್ಷಿ ಮನೆಯಲ್ಲಿ ಕೊಂಕಣಿ ಆಡುವವನಿರಬಹುದು, ಶಿರಸಿ, ಸಿದ್ದಾಪುರದವನು ಹವಿಗನ್ನಡ ಆಡುವವನಿರಬಹುದು. ಅವನ ಮಾತು ಗ್ರಾಂಥಿಕ ಕನ್ನಡದಲ್ಲಿ ದಾಖಲಾಗಿ, ಆಮೇಲೆ ಇಂಗ್ಲಿಷ್ ತೀರ್ಪಿನೊಳಗೆ ಸೇರುತ್ತದೆ. ಈ ಪ್ರಯಾಣದಲ್ಲಿ ಮಾತಿನ ತೂಕ ಬದಲಾಗುವುದುಂಟು. "ಅವನ ಹಾಗೇ ಕಂಡಿತು, ಕತ್ತಲಿತ್ತು" ಎಂದು ಸಾಕ್ಷಿ ಹೇಳಿದ್ದು ತೀರ್ಪಿನಲ್ಲಿ "ಆರೋಪಿಯನ್ನು ಕಂಡಿದ್ದಾನೆ" ಎಂಬ ಅರ್ಥದ ವಾಕ್ಯವಾಗಿದ್ದರೆ, ಗುರುತಿಸುವಿಕೆ ಎಂಬ ಕೊಂಡಿಯೇ ಅಲ್ಲಿ ಸಡಿಲವಾಗುತ್ತದೆ. ಆದ್ದರಿಂದ ತೀರ್ಪು ಉಲ್ಲೇಖಿಸಿದ ಪ್ರತಿಯೊಂದು ಸಾಕ್ಷ್ಯದ ಮಾತನ್ನೂ ಕನ್ನಡದ ಮೂಲದೊಂದಿಗೆ ಸಾಲು ಹಿಡಿದು ಹೋಲಿಸಬೇಕು. ಈ ಕೆಲಸವನ್ನು ಓದುಬರಹ ಬಲ್ಲ ಮನೆಯವರೂ ಮಾಡಬಹುದು. ಸಾಕ್ಷಿಯ ಊರಿನ ಮಾತಿನ ಧಾಟಿ ಅವರಿಗೆ ಗೊತ್ತಿರುವಷ್ಟು ಧಾರವಾಡದ ವಕೀಲರಿಗೆ ಗೊತ್ತಿರಲಾರದು.

ಸರಪಳಿಯನ್ನು ಬಿಡಿಸುವುದು

ಸಾಂದರ್ಭಿಕ ಸಾಕ್ಷ್ಯದ ಅಳತೆಗೋಲು ಎರಡು ತೀರ್ಪುಗಳಲ್ಲಿ ನೆಲೆಗೊಂಡಿದೆ: 1952ರ ಹನುಮಂತ ಗೋವಿಂದ ನರಗುಂದಕರ ಪ್ರಕರಣ ಮತ್ತು 1984ರ ಶರದ್ ಬಿರ್ದೀಚಂದ್ ಸಾರ್ದಾ ಪ್ರಕರಣ. ಎರಡನೆಯದರಲ್ಲಿ ಸರ್ವೋಚ್ಚ ನ್ಯಾಯಾಲಯ ಪಂಚಶೀಲವೆಂದು ಕರೆದ ಐದು ಸೂತ್ರಗಳಿವೆ. ಆಧಾರವಾಗಿ ಹಿಡಿದ ಸಂದರ್ಭಗಳು ಪೂರ್ತಿಯಾಗಿ ಸಾಬೀತಾಗಿರಬೇಕು, ಸಾಬೀತಾಗಿರಬಹುದು ಎಂಬ ಮಟ್ಟದಲ್ಲಿ ನಿಲ್ಲಬಾರದು; ಅವು ಆರೋಪಿ ತಪ್ಪಿತಸ್ಥ ಎಂಬ ಊಹೆಗೆ ಮಾತ್ರ ಹೊಂದಿಕೆಯಾಗಬೇಕು; ನಿರ್ಣಾಯಕ ಸ್ವರೂಪದವಾಗಿರಬೇಕು; ಬೇರೆ ಎಲ್ಲ ಸಾಧ್ಯತೆಗಳನ್ನು ಹೊರಗಿಡಬೇಕು; ಕೊನೆಗೆ ಸರಪಳಿ ಎಷ್ಟು ಪೂರ್ಣವಾಗಿರಬೇಕೆಂದರೆ ಆರೋಪಿ ನಿರಪರಾಧಿ ಎನ್ನಲು ಸಮಂಜಸವಾದ ಯಾವ ಕಾರಣವೂ ಉಳಿಯಬಾರದು.

ಈ ಸೂತ್ರಗಳನ್ನು ಮೇಲ್ಮನವಿಯಲ್ಲಿ ನಕಲು ಮಾಡಿ ಅಂಟಿಸುವುದರಿಂದ ಏನೂ ಆಗುವುದಿಲ್ಲ. ನ್ಯಾಯಮೂರ್ತಿಗಳಿಗೆ ಅವು ಬಾಯಿಪಾಠ. ಒಂದೊಂದು ಸಂದರ್ಭಕ್ಕೆ ಒಂದೊಂದು ಹಾಳೆ ತೆಗೆದುಕೊಳ್ಳಿ. ಮೇಲೆ ಆ ಸಂದರ್ಭವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಕೆಳಗೆ ಅದನ್ನು ಹೇಳಿದ ಸಾಕ್ಷಿಗಳು ಯಾರು, ಪಾಟೀ ಸವಾಲಿನಲ್ಲಿ ಏನು ಒಪ್ಪಿದರು, ಪೊಲೀಸರಿಗೆ ಮೊದಲು ಕೊಟ್ಟ ಹೇಳಿಕೆಯಲ್ಲಿ ಅದು ಇತ್ತೇ, ಆರೋಪಿಗೆ ಆ ಬಗ್ಗೆ ಪ್ರಶ್ನೆ ಕೇಳಲಾಗಿತ್ತೇ ಎಂದು ಗುರುತು ಮಾಡಿ.

ವಿವರಣೆಗಾಗಿ ಒಂದು ಕಲ್ಪಿತ ಉದಾಹರಣೆ ಕಟ್ಟುತ್ತೇನೆ. ಶಿರಸಿ ತಾಲೂಕಿನ ಒಂದು ಹಳ್ಳಿಯಲ್ಲಿ ಜುಲೈ ತಿಂಗಳ ಮಳೆಯಲ್ಲಿ ಅಡಿಕೆ ತೋಟದಾಚೆಯ ಹಳ್ಳದ ದಂಡೆಯ ಮೇಲೆ ಒಬ್ಬನ ಶವ ಸಿಗುತ್ತದೆ, ಕುತ್ತಿಗೆಯ ಮೇಲೆ ಕಡಿದ ಗಾಯವಿದೆ. ಪ್ರಾಸಿಕ್ಯೂಷನ್ ಹೇಳುವ ಕೊಂಡಿಗಳು ನಾಲ್ಕು: ತೋಟದ ಗಡಿಯ ಬಗ್ಗೆ ನೆರೆಯವನೊಂದಿಗೆ ಜಗಳವಿತ್ತು, ಹಿಂದಿನ ಸಂಜೆ ಗೂಡಂಗಡಿಯ ಬಳಿ ಇಬ್ಬರೂ ಒಟ್ಟಿಗೆ ಕಂಡಿದ್ದರು, ನೆರೆಯವನು ತೋರಿಸಿದ ಜಾಗದಲ್ಲಿ ರಕ್ತದ ಕಲೆಯ ಕತ್ತಿ ಸಿಕ್ಕಿತು, ಆ ರಾತ್ರಿ ಇಬ್ಬರ ಮೊಬೈಲೂ ಒಂದೇ ಟವರಿನಡಿ ಇದ್ದವು.

ಗಡಿ ಜಗಳದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮಲೆನಾಡಿನಲ್ಲಿ ಗಡಿಯ ತಂಟೆ ಇಲ್ಲದ ತೋಟ ಹುಡುಕಬೇಕು. ದ್ವೇಷದ ಕಾರಣ ಸಾಬೀತಾದರೂ ಅದೊಂದರಿಂದ ಕೊಲೆ ಸಾಬೀತಾಗುವುದಿಲ್ಲ. ಸಾಂದರ್ಭಿಕ ಸಾಕ್ಷ್ಯದ ಪ್ರಕರಣದಲ್ಲಿ ಕಾರಣವೇ ಇಲ್ಲದಿದ್ದರೆ ಮಾತ್ರ ಅದು ಆರೋಪಿಯ ಪರವಾಗಿ ತೂಗುತ್ತದೆ.

ಕೊನೆಯ ಬಾರಿ ಒಟ್ಟಿಗೆ ಕಂಡದ್ದು ಎಂಬ ಕೊಂಡಿಯ ಬಲವೆಲ್ಲ ಕಾಲದ ಅಂತರದಲ್ಲಿದೆ. ಒಟ್ಟಿಗೆ ಕಂಡ ಗಳಿಗೆಗೂ ಸಾವಿನ ಗಳಿಗೆಗೂ ನಡುವೆ ಬೇರೊಬ್ಬರು ಬರುವ ಸಾಧ್ಯತೆ ಉಳಿಯದಷ್ಟು ಕಡಿಮೆ ಅಂತರವಿರಬೇಕೆಂದು ಸರ್ವೋಚ್ಚ ನ್ಯಾಯಾಲಯ 2005ರ ಸತೀಶ್ ಪ್ರಕರಣದಲ್ಲಿ ಹೇಳಿದೆ. ಇದೊಂದರ ಮೇಲೆಯೇ ಶಿಕ್ಷೆ ನಿಲ್ಲುವುದು ಕಷ್ಟವೆಂದು 2014ರ ಕನ್ಹಯ್ಯಾ ಲಾಲ್ ಪ್ರಕರಣದಲ್ಲಿ ಕಂಡುಬರುತ್ತದೆ. ಹಾಗಾಗಿ ಶವಪರೀಕ್ಷೆಯ ವರದಿಯಲ್ಲಿ ಸಾವಿನ ಸಮಯದ ಅಂದಾಜು ಎಷ್ಟು ಅಗಲವಾಗಿದೆ ನೋಡಬೇಕು. ದೇಹ ಸೆಟೆದುಕೊಂಡಿರುವ ಅವಧಿ ಹವೆಯ ಬಿಸಿಯ ಮೇಲೆ ಅವಲಂಬಿಸುತ್ತದೆ. ಬೇಸಿಗೆಯಲ್ಲಿ ಬೇಗ ಬಿಡುತ್ತದೆ, ಚಳಿಗಾಲದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ನೀರಿನಲ್ಲಿದ್ದ ದೇಹ ಗಾಳಿಯಲ್ಲಿದ್ದ ದೇಹಕ್ಕಿಂತ ನಿಧಾನವಾಗಿ ಕೆಡುತ್ತದೆ. ಕಾಳಿ ಅಥವಾ ಅಘನಾಶಿನಿಯ ಅಳಿವೆಯಲ್ಲಿ ಸಿಕ್ಕ ದೇಹವಾದರೆ ಉಬ್ಬರವಿಳಿತ ಅದನ್ನು ಎಲ್ಲಿಂದ ಎಲ್ಲಿಗೆ ಒಯ್ದಿರಬಹುದೆಂಬ ಪ್ರಶ್ನೆಯೂ ಸೇರುತ್ತದೆ. ವೈದ್ಯಾಧಿಕಾರಿಯನ್ನು ಪಾಟೀ ಸವಾಲಿನಲ್ಲಿ ಈ ಬಗ್ಗೆ ಕೇಳಿದ್ದರೆ ಆ ಉತ್ತರವೇ ಮೇಲ್ಮನವಿಯ ಕೀಲಿಕೈ.

ಮೂರನೆಯ ಕೊಂಡಿಯಾದ ಕತ್ತಿಯ ಹತ್ತಿರ ನಿಧಾನವಾಗಿ ನಿಲ್ಲಬೇಕು, ಏಕೆಂದರೆ ಹೆಚ್ಚಿನ ಶಿಕ್ಷೆಗಳ ಭಾರ ಇಂತಹ ಜಪ್ತಿಯ ಮೇಲೆಯೇ ಕೂತಿರುತ್ತದೆ. ಮಹಜರಿನಲ್ಲಿ "ನಾನು ಕೊಲೆ ಮಾಡಲು ಬಳಸಿದ ಕತ್ತಿಯನ್ನು ಬಚ್ಚಿಟ್ಟ ಜಾಗವನ್ನು ತೋರಿಸುತ್ತೇನೆ" ಎಂಬ ವಾಕ್ಯವಿದೆಯೆಂದುಕೊಳ್ಳಿ. ಪೊಲೀಸರ ಮುಂದಿನ ತಪ್ಪೊಪ್ಪಿಗೆಗೆ ಸಾಕ್ಷ್ಯವಾಗಿ ಬೆಲೆಯಿಲ್ಲ. ಹೊಸ ವಿಷಯವೊಂದು ಪತ್ತೆಯಾಗಲು ನೇರವಾಗಿ ಕಾರಣವಾದ ಭಾಗವನ್ನು ಮಾತ್ರ ಹಳೆಯ ಸಾಕ್ಷ್ಯ ಕಾಯ್ದೆಯ 27ನೇ ಕಲಮಿನಡಿ, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನ ಪರಂತುಕದಡಿ, ಸ್ವೀಕರಿಸಬಹುದು. ಅಂದರೆ ಮೇಲಿನ ವಾಕ್ಯದಿಂದ "ಕೊಲೆ ಮಾಡಲು ಬಳಸಿದ" ಎಂಬ ಮೂರು ಪದಗಳನ್ನು ಕತ್ತರಿಸಿ ತೆಗೆದ ಮೇಲೆ ಉಳಿಯುವುದಷ್ಟೇ ಸಾಕ್ಷ್ಯ. 1946ರಲ್ಲಿ, ಬ್ರಿಟಿಷರ ಕಾಲದ ಅತ್ಯುನ್ನತ ಮೇಲ್ಮನವಿ ನ್ಯಾಯಾಲಯವಾಗಿದ್ದ ಪ್ರಿವಿ ಕೌನ್ಸಿಲ್ ಪುಲುಕುರಿ ಕೊಟ್ಟಯ್ಯ ಪ್ರಕರಣದಲ್ಲಿ ಇದನ್ನೇ ಹೇಳಿತು: ಪತ್ತೆಯಾಗುವುದು ವಸ್ತು ಮಾತ್ರವಲ್ಲ, ಅದು ಇದ್ದ ಜಾಗ ಮತ್ತು ಆ ಜಾಗದ ಬಗ್ಗೆ ಆರೋಪಿಗಿದ್ದ ತಿಳಿವಳಿಕೆ, ಆ ವಸ್ತುವಿನ ಹಿಂದಿನ ಬಳಕೆಯ ಮಾತು ಅದರೊಳಗೆ ಬರುವುದಿಲ್ಲ. ತೀರ್ಪಿನಲ್ಲಿ ಸತ್ರ ನ್ಯಾಯಾಧೀಶರು ಇಡೀ ವಾಕ್ಯವನ್ನು ಅವಲಂಬಿಸಿದ್ದರೆ, ಅದು ಎತ್ತಿಹೇಳಬೇಕಾದ ಕಾನೂನಿನ ತಪ್ಪು.

ಇನ್ನು ಪಂಚರು. ನಮ್ಮದೇ ರಾಜ್ಯದ ಸುಬ್ರಮಣ್ಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ಆರೋಪಿಯನ್ನು ಖುಲಾಸೆ ಮಾಡುವಾಗ, ಆರೋಪಿ ನಿಖರವಾಗಿ ಆಡಿದ ಮಾತು ಪಂಚರ ಮತ್ತು ತನಿಖಾಧಿಕಾರಿಯ ಸಾಕ್ಷ್ಯದಲ್ಲಿ ಬರಬೇಕೆಂಬುದನ್ನು ಒತ್ತಿಹೇಳಿತು. ಮಹಜರಿಗೆ ಸಹಿ ಮಾಡಿದ ಪಂಚ ಹತ್ತು ಮೈಲಿಯಾಚೆಯ ಊರಿನವನೇ? ಠಾಣೆಯಲ್ಲೇ ಸಹಿ ಹಾಕಿದೆನೆಂದು ಪಾಟೀ ಸವಾಲಿನಲ್ಲಿ ಒಪ್ಪಿದ್ದಾನೆಯೇ? ಮಹಜರಿನ ಸಮಯ ಸಂಜೆ ನಾಲ್ಕು, ಆದರೆ ಅದೇ ಪಂಚ ಅದೇ ಹೊತ್ತಿಗೆ ಇನ್ನೊಂದು ಮಹಜರಿನಲ್ಲೂ ಇದ್ದಾನೆಯೇ? ಕತ್ತಿ ಸಿಕ್ಕ ಹಳ್ಳದ ದಂಡೆ ದನ ಕಾಯುವವರೂ ಸೊಪ್ಪು ತರುವವರೂ ಓಡಾಡುವ ಜಾಗವೇ? ಎಲ್ಲರಿಗೂ ತೆರೆದಿರುವ ಜಾಗದಲ್ಲಿ ವಸ್ತು ಸಿಕ್ಕರೆ ಅದರ ಬೆಲೆ ಇಳಿಯುತ್ತದೆ. ನಮ್ಮ ಉದಾಹರಣೆಯಲ್ಲಿ ಜುಲೈ ಮಳೆಗೆ ತೊಯ್ದ ಕತ್ತಿಯ ಮೇಲೆ ರಕ್ತ ಉಳಿದದ್ದು ಹೇಗೆಂಬುದನ್ನೂ ಕೇಳಲೇಬೇಕು. ವಿಧಿವಿಜ್ಞಾನ ವರದಿ "ಮನುಷ್ಯ ರಕ್ತ" ಎಂದಷ್ಟೇ ಹೇಳಿದೆಯೋ, ಮೃತನ ರಕ್ತದ ಗುಂಪಿಗೂ ಡಿಎನ್‌ಎಗೂ ತಾಳೆಯಾಗಿದೆಯೋ, ಜಪ್ತಿಯಾದ ದಿನದಿಂದ ಪ್ರಯೋಗಾಲಯ ತಲುಪುವವರೆಗೆ ಮುದ್ದೆಮಾಲು, ಅಂದರೆ ಜಪ್ತಿಯಾದ ವಸ್ತು, ಯಾರ ವಶದಲ್ಲಿತ್ತು, ಮೊಹರು ಹಾಗೇ ಇತ್ತೋ ಎಂಬುದಕ್ಕೆಲ್ಲ ಕಾಗದದಲ್ಲಿ ಉತ್ತರವಿರಬೇಕು. ಇದು ಅಡಿಕೆ ಸೀಮೆ. ಕತ್ತಿ ಇಲ್ಲದ ಮನೆ ಇಲ್ಲಿ ಇಲ್ಲ. ಈ ಮಾತನ್ನು ಧಾರವಾಡದಲ್ಲಿ ಹೇಳಲು ನಾಚಬೇಕಾಗಿಲ್ಲ.

ಮೊಬೈಲ್ ಟವರಿನ ಕೊಂಡಿಯೂ ಹೊರಗಿನಿಂದ ಕಾಣುವಷ್ಟು ಗಟ್ಟಿಯಲ್ಲ. ಕರೆ ವಿವರಕ್ಕೆ ಸಾಕ್ಷ್ಯ ಕಾನೂನಿನ ಹಳೆಯ 65ಬಿ, ಈಗಿನ 63ನೇ ಕಲಮಿನಡಿ ವಿದ್ಯುನ್ಮಾನ ದಾಖಲೆಗೆ ಕೊಡುವ ಪ್ರಮಾಣಪತ್ರ ಬೇಕೇ ಬೇಕು ಎಂಬುದು 2020ರ ಅರ್ಜುನ್ ಪಂಡಿತರಾವ್ ಖೋತ್ಕರ್ ತೀರ್ಪಿನಿಂದ ಖಚಿತವಾಗಿದೆ. ಪ್ರಮಾಣಪತ್ರ ಇದ್ದರೂ ಟವರು ಹೇಳುವುದು ಪ್ರದೇಶವನ್ನು, ಜಾಗವನ್ನಲ್ಲ. ಘಟ್ಟದ ಮೇಲಿನ ಹಳ್ಳಿಗಳಲ್ಲಿ ಹಲವು ಊರುಗಳಿಗೆ ಒಂದೇ ಟವರಿರುತ್ತದೆ. ನೆರೆಹೊರೆಯವರ ಮೊಬೈಲುಗಳು ಅದರಡಿ ಇರುವುದರಲ್ಲಿ ಸೋಜಿಗವೇನಿದೆ?

ಆರೋಪಿಯ ಮೌನ ಮತ್ತು ಮನೆಯೊಳಗಿನ ಸಾವು

ವಿಚಾರಣೆಯ ಕೊನೆಯಲ್ಲಿ ನ್ಯಾಯಾಧೀಶರು ಆರೋಪಿಗೆ ಕೇಳುವ ಪ್ರಶ್ನೆಗಳ ಹಾಳೆಯನ್ನು, ಅಂದರೆ ಪ್ರಕ್ರಿಯಾ ಕಾನೂನಿನ ಹಳೆಯ 313 ಅಥವಾ ಹೊಸ 351ನೇ ಕಲಮಿನ ಹೇಳಿಕೆಯನ್ನು, ಹೆಚ್ಚಿನವರು ಓದದೆ ಮಡಚಿಡುತ್ತಾರೆ. ಆರೋಪಿಯ ಮುಂದಿಡದ ಸಂದರ್ಭವನ್ನು ಅವನ ವಿರುದ್ಧ ಬಳಸುವಂತಿಲ್ಲವೆಂಬುದು ಸಾರ್ದಾ ತೀರ್ಪಿನಲ್ಲೇ ಇದೆ. ಹಾಗಾಗಿ ಮೇಲೆ ಹೇಳಿದ ಹಾಳೆಗಳಲ್ಲಿ ಪ್ರತಿ ಕೊಂಡಿಯ ಎದುರು ಪ್ರಶ್ನೆಯ ಸಂಖ್ಯೆಯನ್ನು ಬರೆದುಕೊಳ್ಳಿ. ಸಂಖ್ಯೆ ಸಿಗದಿದ್ದರೆ ಅಲ್ಲಿ ಕೆಂಪು ಗೆರೆ ಎಳೆಯಿರಿ.

ಗಂಡ ಹೆಂಡತಿ ಮಾತ್ರ ಇದ್ದ ಮನೆಯೊಳಗೆ ರಾತ್ರಿ ಹೆಂಡತಿ ಸತ್ತಂತಹ ಪ್ರಕರಣಗಳು ಬೇರೆ ಬಗೆಯವು, ಮನೆಯವರಿಗೆ ಸುಳ್ಳು ಭರವಸೆ ಕೊಡುವುದು ಸರಿಯಲ್ಲ. ತನಗೆ ಮಾತ್ರ ಗೊತ್ತಿರುವ ಸಂಗತಿಯನ್ನು ಆರೋಪಿಯೇ ವಿವರಿಸಬೇಕೆಂಬ ನಿಯಮ ಸಾಕ್ಷ್ಯ ಕಾನೂನಿನ ಹಳೆಯ 106, ಈಗಿನ 109ನೇ ಕಲಮಿನಲ್ಲಿದೆ; 2006ರ ತ್ರಿಮುಖ ಮಾರುತಿ ಕಿರ್ಕನ್ ತೀರ್ಪಿನ ಪ್ರಕಾರ ಅಲ್ಲಿ ವಿವರಣೆ ಇಲ್ಲದಿರುವುದು ಅಥವಾ ಸುಳ್ಳು ವಿವರಣೆ ಸರಪಳಿಯ ಇನ್ನೊಂದು ಕೊಂಡಿಯಾಗುತ್ತದೆ. ಆದರೂ ಪ್ರಾಸಿಕ್ಯೂಷನ್ ತನ್ನ ಮೂಲಭೂತ ಹೊಣೆಯನ್ನು ಮೊದಲು ಹೊರಬೇಕು, ಈ ಕಲಂ ಅದನ್ನು ಆರೋಪಿಯ ಹೆಗಲಿಗೆ ದಾಟಿಸುವುದಿಲ್ಲ ಎಂಬುದು 1956ರ ಶಂಭುನಾಥ್ ಮೆಹ್ರಾ ಪ್ರಕರಣದ ನಿಲುವು. ಆರೋಪಿ ಆ ರಾತ್ರಿ ಮನೆಯಲ್ಲಿದ್ದ ಎಂಬುದೇ ಸಾಬೀತಾಗಿದೆಯೇ ಎಂಬುದನ್ನು ಮೊದಲು ನೋಡಬೇಕು. ಮೀನುಗಾರಿಕೆಗೆ ಬೋಟಿನಲ್ಲಿ ಹೋಗಿದ್ದೆನೆಂದು ಅವನು ಹೇಳಿದ್ದರೆ ಅದನ್ನು ತನಿಖೆ ಮಾಡಿದ್ದಾರೆಯೇ?

ಮೇಲ್ಮನವಿಯನ್ನು ಬರೆಯುವಾಗ ನಲವತ್ತು ಆಧಾರಗಳನ್ನು ಪೋಣಿಸುವ ರೂಢಿ ನನಗೆ ಹಿಡಿಸದು. ಸಾಕ್ಷಿಗಳ ಮಾತಿನಲ್ಲಿ ಅಲ್ಪಸ್ವಲ್ಪ ವ್ಯತ್ಯಾಸ, ತನಿಖೆಯ ಸಣ್ಣ ಲೋಪ, ಇವುಗಳಿಂದ ಮಾತ್ರ ಖುಲಾಸೆ ಸಿಗುವುದಿಲ್ಲ. ಪುಟ ಸಂಖ್ಯೆ ಸಹಿತ ತೋರಿಸಬಲ್ಲ ನಾಲ್ಕು ಗಟ್ಟಿ ಬಿರುಕುಗಳು ಸಾಕು.

ಶಿಕ್ಷೆಯ ಅಮಾನತು

ಮೇಲ್ಮನವಿಯ ಜೊತೆಗೇ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ಕೊಡುವಂತೆ ನಾಗರಿಕ ಸುರಕ್ಷಾ ಸಂಹಿತೆಯ 430ನೇ ಕಲಮಿನಡಿ ಅರ್ಜಿ ಹಾಕಬಹುದು. ಕೊಲೆ ಪ್ರಕರಣದಲ್ಲಿ ಸರಕಾರಿ ಅಭಿಯೋಜಕರಿಗೆ ಆಕ್ಷೇಪಣೆಗೆ ಅವಕಾಶ ಕೊಡದೆ ಬಿಡುಗಡೆಯಾಗುವುದಿಲ್ಲ. ಶಿಕ್ಷೆಯಾದ ಮೇಲೆ ನಿರಪರಾಧಿಯೆಂಬ ಊಹೆಯ ಆಸರೆ ಇಲ್ಲದಿರುವುದರಿಂದ, ತೀರ್ಪಿನ ಮೇಲ್ನೋಟಕ್ಕೇ ಕಾಣುವ ಬಿರುಕನ್ನು ಇಲ್ಲಿ ತೋರಿಸಬೇಕು. ಮೇಲ್ಮನವಿ ಬೇಗ ವಿಚಾರಣೆಗೆ ಬರದಿದ್ದರೆ ಕೈದಿಯನ್ನು ಸುಮ್ಮನೆ ಕೂಡಿಹಾಕುವುದು ನ್ಯಾಯವಲ್ಲವೆಂದ 1977ರ ಕಶ್ಮೀರಾ ಸಿಂಗ್ ತೀರ್ಪು ಇಂದಿಗೂ ಉಪಯೋಗಕ್ಕೆ ಬರುತ್ತದೆ. ಮೊದಲ ಅರ್ಜಿ ವಜಾ ಆದರೂ ವರ್ಷಗಳು ಕಳೆದ ಮೇಲೆ ಮತ್ತೆ ಹಾಕಬಹುದು.

ಜಾಮೀನು ಸಿಕ್ಕಿದ ಮೇಲಿನ ತೊಡಕು ನಮ್ಮ ಜಿಲ್ಲೆಗೇ ವಿಶೇಷವಾದದ್ದು. ಜಾಮೀನುದಾರರ ಹೆಸರಿನಲ್ಲಿ ಪಹಣಿ ಕೇಳುತ್ತಾರೆ; ಆದರೆ ಅರಣ್ಯ ಅತಿಕ್ರಮಣ ಭೂಮಿಯಲ್ಲಿ ತಲೆಮಾರುಗಳಿಂದ ಸಾಗುವಳಿ ಮಾಡುವ ಕುಟುಂಬಗಳಿಗೆ ತಮ್ಮ ಹೆಸರಿನ ಪಹಣಿ ಇರುವುದಿಲ್ಲ, ಇದ್ದವರ ಪಹಣಿಯಲ್ಲಿ ಹತ್ತಾರು ಹಿಸ್ಸೇದಾರರ ಹೆಸರಿರುತ್ತದೆ. ಆದ್ದರಿಂದ ಅರ್ಜಿಯ ವಿಚಾರಣೆಯ ಹೊತ್ತಿಗೇ ಮಾಲ್ಕಿ (ಸ್ವಂತ ಹಕ್ಕಿನ) ಜಮೀನಿರುವ ಇಬ್ಬರನ್ನು ಒಪ್ಪಿಸಿ, ಹೊಸ ಪಹಣಿ ತೆಗೆಸಿಟ್ಟುಕೊಳ್ಳಿ. ಹೊರಗೆ ಬಂದವನು ಸಾಕ್ಷಿಗಳ ಮನೆಯ ದಾರಿಯನ್ನೂ ಹಿಡಿಯಕೂಡದು. ಮೃತನ ಮನೆ ಅದೇ ಕೇರಿಯಲ್ಲಿದ್ದರೆ ಕೆಲವು ಕಾಲ ನೆಂಟರ ಊರಿನಲ್ಲಿರುವುದೇ ಕ್ಷೇಮ.

ವಿಚಾರಣೆ ಮತ್ತು ಆಮೇಲೆ

ಜೀವಾವಧಿ ಶಿಕ್ಷೆಯ ಮೇಲ್ಮನವಿಯನ್ನು ಇಬ್ಬರು ನ್ಯಾಯಮೂರ್ತಿಗಳ ವಿಭಾಗೀಯ ಪೀಠ ಕೇಳುತ್ತದೆ. ವಕೀಲರು ಹಾಜರಾಗಲಿಲ್ಲವೆಂಬ ಕಾರಣಕ್ಕೇ ಅದನ್ನು ವಜಾ ಮಾಡುವಂತಿಲ್ಲ, ಗುಣದೋಷದ ಮೇಲೆಯೇ ತೀರ್ಮಾನಿಸಬೇಕೆಂದು 1996ರ ಬಾನಿ ಸಿಂಗ್ ತೀರ್ಪಿದೆ. ಹೊಸ ಸಾಕ್ಷ್ಯಕ್ಕೆ ಅದೇ ಸಂಹಿತೆಯ 432ನೇ ಕಲಮಿನಡಿ ಅವಕಾಶವಿದ್ದರೂ ಅದು ಅಪರೂಪ. ಮೇಲ್ಮನವಿ ಹಾಕಿದರೆ ಶಿಕ್ಷೆ ಇನ್ನೂ ಹೆಚ್ಚಾದೀತೆಂದು ಹೆದರುವವರಿದ್ದಾರೆ. ಆರೋಪಿಯ ಸ್ವಂತ ಮೇಲ್ಮನವಿಯಲ್ಲಿ ಶಿಕ್ಷೆ ಹೆಚ್ಚಿಸಲು ಬರುವುದಿಲ್ಲ. ಅದಕ್ಕೆ ಸರಕಾರವೇ ಬೇರೆ ಮೇಲ್ಮನವಿ ಹಾಕಬೇಕು, ಇಲ್ಲವೇ ನ್ಯಾಯಾಲಯ ಪ್ರತ್ಯೇಕವಾಗಿ ನೋಟಿಸು ಕೊಡಬೇಕು.

ಪೀಠ ಖುಲಾಸೆ ಮಾಡಬಹುದು, ಕೊಲೆಯಲ್ಲದ ಮಾನವ ಹತ್ಯೆಗೆ ಇಳಿಸಿ ಶಿಕ್ಷೆ ಕಡಿಮೆ ಮಾಡಬಹುದು, ಮರುವಿಚಾರಣೆಗೆ ಕಳುಹಿಸಬಹುದು ಅಥವಾ ಮೇಲ್ಮನವಿಯನ್ನು ವಜಾ ಮಾಡಬಹುದು. ಖುಲಾಸೆಯಾದರೆ ಆದೇಶದ ಪ್ರತಿ ಜೈಲಿಗೆ ತಲುಪಿದೆಯೇ, ಕೈದಿಯ ಮೇಲೆ ಬೇರೆ ಪ್ರಕರಣದ ವಾರಂಟು ಇದೆಯೇ ಎಂದು ಅಂದೇ ವಿಚಾರಿಸಿ, ಕಟ್ಟಿದ ದಂಡದ ಹಣವನ್ನು ವಾಪಸು ಪಡೆಯಲು ಸತ್ರ ನ್ಯಾಯಾಲಯದಲ್ಲಿ ಅರ್ಜಿ ಕೊಡಬೇಕು. ವಜಾ ಆದರೆ ಸಂವಿಧಾನದ 136ನೇ ವಿಧಿಯಡಿ ಸರ್ವೋಚ್ಚ ನ್ಯಾಯಾಲಯಕ್ಕೆ ವಿಶೇಷ ಅನುಮತಿ ಅರ್ಜಿ ಹಾಕಲು 90 ದಿನಗಳಿರುತ್ತವೆ, ಅಲ್ಲಿಯೂ ಕಾನೂನು ಸೇವಾ ಸಮಿತಿಯ ನೆರವಿದೆ. ಅಲ್ಲಿಗೆ ಹೋಗುವ ಮೊದಲು ಕನ್ನಡದಲ್ಲಿರುವ ಸಾಕ್ಷ್ಯ, ಮಹಜರುಗಳೆಲ್ಲ ಇಂಗ್ಲಿಷಿಗೆ ಅನುವಾದವಾಗಬೇಕಾಗುತ್ತದೆ. ಆ ಅನುವಾದ ಸಲ್ಲಿಕೆಯಾಗುವ ಮುನ್ನ, ಕತ್ತಲಲ್ಲಿ "ಅವನ ಹಾಗೇ ಕಂಡಿತು" ಎಂದ ಸಾಕ್ಷಿಯ ಮಾತು ಹಾಗೆಯೇ ಉಳಿದಿದೆಯೇ ಎಂದು ಮನೆಯವರು ಮತ್ತೊಮ್ಮೆ ಮೂಲದೊಂದಿಗೆ ತಾಳೆ ನೋಡಿಕೊಳ್ಳಲಿ.